ನಾಲ್ವಡಿಯವರ ಕಾಲದ ಕುದುರೆ, ಕುದುರೆಯ ಕಾಲಡಿಯ ನೆಲ

ತುಮಕೂರು: ಬೆಂಗಳೂರಿನಿಂದ ಹಾಸನದತ್ತ ಸಾಗುವ ಹೆದ್ದಾರಿಯ ಪ್ರಯಾಣಿಕರಿಗೆ ಕುಣಿಗಲ್ ಎಂದೊಡನೆ ನೆನಪಾಗುವುದು ಎರಡು ಸಂಗತಿ. ಒಂದು, ಜನಪದರು ಹಾಡಿ ಕೊಂಡಾಡಿದ ದೊಡ್ಡಕೆರೆ. ಇನ್ನೊಂದು, ಊರಿನ ಮಗ್ಗುಲಲ್ಲಿಯೇ 400ಕ್ಕೂ ಹೆಚ್ಚು ಎಕರೆಯಲ್ಲಿ ಹರಡಿಕೊಂಡಿರುವ ಕುದುರೆ ಫಾರಂ. ಈ ಫಾರಂನ ಹುಟ್ಟನ್ನು ಟಿಪ್ಪು ಸುಲ್ತಾನನ ಅಶ್ವದಳದೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಸೇನೆಗಾಗಿ ಕುದುರೆ ಸಾಕುತ್ತಿದ್ದ ನಾಡು ಓಟದ ಕಣಕ್ಕಾಗಿ ಕುದುರೆ ಸಾಕುವ ನಾಡಾಗಿ ಬದಲಾದದ್ದು ಟಿಪ್ಪುವಿನ ಕಾಲದಲ್ಲಲ್ಲ. ಆ ಬದಲಾವಣೆಯ ನಡುಘಟ್ಟದಲ್ಲಿ ಮೈಸೂರಿನ ಸಿಂಹಾಸನದ ಮೇಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು.

ನಾಲ್ವಡಿಯವರ ಬಗ್ಗೆ ಬರೆದವರೆಲ್ಲ ಕನ್ನಂಬಾಡಿ ಅಣೆಕಟ್ಟನ್ನು ಬರೆದಿದ್ದಾರೆ, ವಿಶ್ವವಿದ್ಯಾಲಯವನ್ನು ಬರೆದಿದ್ದಾರೆ, ವಿದ್ಯುತ್ ದೀಪವನ್ನು ಬರೆದಿದ್ದಾರೆ. ಕುದುರೆಯ ಬಗ್ಗೆ ಬರೆದವರು ಕಡಿಮೆ. ಆದರೆ ಅವರ ಬದುಕಿನಿಂದ ಕುದುರೆಯನ್ನು ತೆಗೆದುಬಿಟ್ಟರೆ ಆ ಕಥೆಯ ಒಂದು ಮುಖ್ಯ ಎಳೆಯೇ ಕಳಚಿಹೋಗುತ್ತದೆ. ಕುದುರೆ ಬದುಕುವುದೂ ಸಾಯುವುದೂ ಅದರ ಕಾಲಡಿಯ ನೆಲದ ಮೇಲೆ ನಿಂತಿದೆ ಎಂಬ ಮಾತಿಗೆ ಅವರ ಆಳ್ವಿಕೆಯಷ್ಟು ಒಳ್ಳೆಯ ಸಾಕ್ಷಿ ಕನ್ನಡ ನಾಡಿನ ಚರಿತ್ರೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ರೈಲು ಬಂದ ವರ್ಷ ಹುಟ್ಟಿದ ದೊರೆ

ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು, ಮೈಸೂರಿನ ಅರಮನೆಯಲ್ಲಿ. ಅದೇ ವರ್ಷ ಬೆಂಗಳೂರಿನಿಂದ ತುಮಕೂರು, ಗುಬ್ಬಿಯ ಕಡೆಗೆ ಮೀಟರ್ ಗೇಜ್ ರೈಲು ಓಡತೊಡಗಿತು. ಅಲ್ಲಿಯವರೆಗೆ ಈ ಸೀಮೆಯಲ್ಲಿ ದೂರದ ಪಯಣವೆಂದರೆ ಎತ್ತಿನ ಗಾಡಿ, ಕುದುರೆ ಇಲ್ಲವೆ ಕಾಲ್ನಡಿಗೆ. ರೈಲು ಬಂತೆಂದು ಕುದುರೆ ಒಂದೇ ದಿನದಲ್ಲಿ ಮರೆಯಾಗಲಿಲ್ಲ. ಆದರೆ ಅದರ ಅನಿವಾರ್ಯತೆ ಕರಗತೊಡಗಿದ್ದು ಆಗಲೇ.

ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರು ಕುದುರೆ ಸವಾರಿಯಲ್ಲಿ ಆಸಕ್ತಿಯಿದ್ದವರು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತದ ನಂತರ 1881ರಲ್ಲಿ ರಾಜ್ಯವನ್ನು ಮರಳಿ ಪಡೆದ ಅವರ ಕಾಲದಲ್ಲಿಯೇ, 1892ರಲ್ಲಿ, ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಅಶ್ವದಳ ರೂಪುಗೊಂಡಿತು. ಸಾಮ್ರಾಜ್ಯಕ್ಕೆ ಯುದ್ಧ ಒದಗಿದಾಗ ಕಳುಹಿಸಿಕೊಡಬೇಕಾದ, ಆದರೆ ಖರ್ಚನ್ನೆಲ್ಲ ಸಂಸ್ಥಾನವೇ ಹೊರಬೇಕಾದ ದಳವದು. ಎರಡು ವರ್ಷ ಕಳೆಯುವಷ್ಟರಲ್ಲಿ, 1894ರ ಡಿಸೆಂಬರ್ 28ರಂದು, ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದರು. ಹತ್ತು ವರ್ಷದ ಬಾಲಕ 1895ರ ಫೆಬ್ರುವರಿ 1ರಂದು ಸಿಂಹಾಸನವೇರಬೇಕಾಯಿತು. ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದವರು ತಾಯಿ ಕೆಂಪನಂಜಮ್ಮಣ್ಣಿಯವರು, ಜನ ಇಂದಿಗೂ ವಾಣಿವಿಲಾಸ ಸನ್ನಿಧಾನ ಎಂದು ನೆನೆಯುವ ಮಹಾರಾಣಿ.

ಬಾಲ ಮಹಾರಾಜರ ಶಿಕ್ಷಣದ ಹೊಣೆಯನ್ನು 1896ರಿಂದ ಸ್ಟೂವರ್ಟ್ ಫ್ರೇಸರ್ ಎಂಬ ಐಸಿಎಸ್ ಅಧಿಕಾರಿ ವಹಿಸಿಕೊಂಡರು. ಮುಂದೆ ದಿವಾನರಾಗಲಿದ್ದ ಮಿರ್ಜಾ ಇಸ್ಮಾಯಿಲ್ ಸಹಪಾಠಿ. ಗಣಿತ, ಚರಿತ್ರೆ, ಕಾನೂನು, ಸಂಸ್ಕೃತಗಳ ಜೊತೆಗೆ ಸವಾರಿ ಮತ್ತು ಪೋಲೋ. ಅವರು ಪಳಗಿದ ಸವಾರರಾದರು, ಪೋಲೋ ಆಟಗಾರರೂ ಆದರು. ವೀಣೆ, ಪಿಟೀಲುಗಳನ್ನು ನುಡಿಸುತ್ತಿದ್ದ, ಮಿತಭಾಷಿಯಾದ, ಪೂಜೆಯಲ್ಲಿ ಗಂಟೆಗಟ್ಟಲೆ ಮೈಮರೆಯುತ್ತಿದ್ದ ವ್ಯಕ್ತಿಯೊಬ್ಬರು ಪೋಲೋದಂಥ ಬಿರುಸಿನ ಆಟಕ್ಕೆ ಇಳಿಯುತ್ತಿದ್ದರು ಎಂಬುದು ಇಂದು ಅಚ್ಚರಿ ಹುಟ್ಟಿಸಬಹುದು. ಪೋಲೋ ಆಡಿದವನಿಗೆ ಒಂದು ಪಾಠ ತಪ್ಪದೆ ಸಿಗುತ್ತದೆ. ಮೈದಾನದಲ್ಲಿ ಗೇಣಗಲದ ಗುಂಡಿಯೊಂದಿದ್ದರೂ ಸಾಕು, ಓಟದಲ್ಲಿರುವ ಕುದುರೆ ಸವಾರನ ಸಮೇತ ಮುಗ್ಗರಿಸುತ್ತದೆ. ಪೋಲೋ ಪಂದ್ಯದ ನಡುವೆ ಮೈದಾನದ ಕಿತ್ತ ಹುಲ್ಲುಹೆಂಟೆಗಳನ್ನು ಕಾಲಿನಿಂದ ತುಳಿದು ಸಮ ಮಾಡುವ ಪದ್ಧತಿ ಹುಟ್ಟಿದ್ದು ಈ ಅನುಭವದಿಂದಲೇ.

1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಕೃಷ್ಣರಾಜರಿಗೆ ವೈಸ್‌ರಾಯ್ ಲಾರ್ಡ್ ಕರ್ಜನ್ ಪೂರ್ಣಾಧಿಕಾರ ವಹಿಸಿಕೊಟ್ಟರು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಒಂದರ ಹಿಂದೊಂದು ಬಂದವು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಮಾರ್ಕೋನಹಳ್ಳಿಯಲ್ಲಿ ಕಟ್ಟಿದ ಜಲಾಶಯವೂ ಅವರ ಕಾಲದ್ದೇ. ನೀರು ಮಟ್ಟ ಮೀರಿದಾಗ ತಾನಾಗಿ ಹೊರಹರಿಯುವ ಅದರ ಸೈಫನ್ ವ್ಯವಸ್ಥೆಯನ್ನು ನೋಡಲು ಈಗಲೂ ಜನ ಹೋಗುತ್ತಾರೆ. ಇವೆಲ್ಲ ಬೇರೆ ಕಡೆ ಸಾಕಷ್ಟು ಬರೆಯಲ್ಪಟ್ಟಿರುವುದರಿಂದ ಇಲ್ಲಿ ಮತ್ತೆ ವಿಸ್ತರಿಸುವ ಅಗತ್ಯವಿಲ್ಲ.

ಹೈಫಾ: ಮರಳು ನುಂಗಿದ ಕುದುರೆ, ಬಂಡೆ ಹತ್ತಿದ ಕುದುರೆ

1914ರಲ್ಲಿ ಮಹಾಯುದ್ಧ ಆರಂಭವಾದಾಗ ನಾಲ್ವಡಿಯವರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಅದಕ್ಕಿಂತ ದೊಡ್ಡ ಕಾಣಿಕೆ ಲ್ಯಾನ್ಸರ್ಸ್ ದಳ. ಆ ವರ್ಷದ ಅಕ್ಟೋಬರಿನಲ್ಲಿ ದಳ ಬೆಂಗಳೂರು ಬಿಟ್ಟಿತು. ಹೈದರಾಬಾದು ಮತ್ತಿತರ ಸಂಸ್ಥಾನಗಳ ಸವಾರರೊಡನೆ ಸೇರಿ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವಬ್ರಿಗೇಡಿನ ಅಂಗವಾಗಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲು ಮೊದಲ ಕೆಲಸ. ಮೈಸೂರಿನ ಗಟ್ಟಿ ಕೆಂಪು ನೆಲದಲ್ಲಿ ತಾಲೀಮು ನಡೆಸಿದ್ದ ದಳಕ್ಕೆ ಅಲ್ಲಿ ಎದುರಾದದ್ದು ಗೊರಸು ಹೂಳುವ ಮರಳು. ಮರಳಿನಲ್ಲಿ ಕುದುರೆ ಪ್ರತಿ ಹೆಜ್ಜೆಯನ್ನೂ ಎಳೆದು ತೆಗೆಯಬೇಕಾಗುತ್ತದೆ, ಗಟ್ಟಿ ನೆಲದಲ್ಲಿ ಸಲೀಸಾಗಿ ಮುಗಿಸುವ ದೂರಕ್ಕೆ ಇಲ್ಲಿ ಏದುಸಿರು ಬಿಡುತ್ತದೆ.

ದಳದ ಹೆಸರು ಚರಿತ್ರೆಯಲ್ಲಿ ಉಳಿದದ್ದು 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾ ಬಂದರಿನಲ್ಲಿ. ತುರ್ಕಿ ಮತ್ತು ಜರ್ಮನ್ ಪಡೆಗಳ ಹಿಡಿತದಲ್ಲಿದ್ದ ಊರದು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ ಮತ್ತು ಅದರ ಜೌಗು. ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲಿನಿಂದ ಫಿರಂಗಿಗಳೂ ಕೆಳಗಿನಿಂದ ಮೆಷಿನ್‌ಗನ್ನುಗಳೂ ಆ ದಾರಿಯನ್ನು ಕಾಯುತ್ತಿದ್ದವು.

ಈ ಕದನದ ವಿವರಗಳನ್ನು ಓದುವಾಗ ಶೌರ್ಯದ ಮಾತಿನ ನಡುವೆ ಒಂದು ಸಂಗತಿ ಕಣ್ತಪ್ಪಿ ಹೋಗುವುದುಂಟು. ಅಂದಿನ ದಾಳಿಯ ದಿಕ್ಕನ್ನು ಬದಲಿಸಿದ್ದು ಗುಂಡಿನ ಸುರಿಮಳೆಯೊಂದೇ ಅಲ್ಲ, ನೆಲ ಕೂಡ. ಮಧ್ಯಾಹ್ನ ಜೋಧಪುರದ ಸವಾರರು ಕಿಶೋನ್ ದಾಟಲು ಮುನ್ನುಗ್ಗಿದಾಗ ನದಿಯ ದಡ ಹೂಳುಮರಳಿನದೆಂದು ಗೊತ್ತಾಯಿತು. ಮುಂದೆ ಹೋದ ಕುದುರೆಗಳು ಅದರಲ್ಲಿ ಸಿಕ್ಕಿಕೊಂಡವು. ದಾಳಿ ಎಡಕ್ಕೆ ತಿರುಗಿ ಬೆಟ್ಟದ ಬುಡಕ್ಕೆ ಹತ್ತಿಕೊಂಡು ಊರಿನತ್ತ ನುಗ್ಗಬೇಕಾಯಿತು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದರು.

ಮೈಸೂರಿನ ಒಂದು ತುಕಡಿಯ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲಿನ ಫಿರಂಗಿಗಳನ್ನು ಬಾಯಿ ಮುಚ್ಚಿಸುವುದು ಅವರಿಗೆ ವಹಿಸಿದ ಕೆಲಸ. ಕಲ್ಲು ಬಂಡೆಗಳ ನಡುವಿನ ಕಡಿದಾದ ಕಾಲುದಾರಿಯಲ್ಲಿ ಕುದುರೆಗಳನ್ನು ಹತ್ತಿಸಿದರು. ಒಂದೊಂದಾಗಿ ಕುದುರೆಗಳು ಸೋತವು, ಕುಂಟತೊಡಗಿದವು. ಹತ್ತಿದವರಲ್ಲಿ ಕೊನೆಯ ದಾಳಿಗೆ ಸವಾರಿಯಲ್ಲಿ ಉಳಿದದ್ದು ಬೆರಳೆಣಿಕೆಯ ಮಂದಿ. ಆದರೂ ಫಿರಂಗಿಗಳು ಕೈವಶವಾದವು. ಮೈಸೂರಿನ ಉಳಿದ ಸವಾರರು ಜೋಧಪುರದವರ ಬೆನ್ನಿಗೆ ನಿಂತು ಊರು ಹೊಕ್ಕರು. ಸಂಜೆಯ ಹೊತ್ತಿಗೆ ಹೈಫಾ ಬಿದ್ದಿತು. 1,350 ಮಂದಿ ಸೆರೆಯಾದರು, 17 ಫಿರಂಗಿಗಳು ದೊರೆತವು.

ಬ್ರಿಗೇಡಿನ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34 ಮಂದಿ. ಕುದುರೆಗಳ ಲೆಕ್ಕ ಬೇರೆ: ಸತ್ತದ್ದು 60, ಗಾಯಗೊಂಡದ್ದು 83. ಮನುಷ್ಯರ ಲೆಕ್ಕದ ಪಕ್ಕದಲ್ಲಿ ಕುದುರೆಗಳ ಈ ಲೆಕ್ಕವನ್ನಿಟ್ಟು ನೋಡಿದರೆ ಅಂದಿನ ಗೆಲುವಿನ ಭಾರವನ್ನು ಯಾರು ಹೊತ್ತರು ಎಂಬುದು ಸ್ಪಷ್ಟವಾಗುತ್ತದೆ.

ಅದೇ ಅಕ್ಟೋಬರ್ 26ರಂದು ಅಲೆಪ್ಪೋ ಬಳಿಯ ಹರಿತಾನಿನಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ತಮಗಿಂತ ದೊಡ್ಡ ಪಡೆಯ ಮೇಲೆ ಮತ್ತೊಮ್ಮೆ ಎರಗಿದರು. ನಾಲ್ಕು ದಿನಗಳಲ್ಲಿ ತುರ್ಕಿಯೊಡನೆ ಕದನ ವಿರಾಮವಾಯಿತು. ಹೈಫಾದ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ಮೂವರು ಸವಾರರ ಪ್ರತಿಮೆಗಳು ನಿಂತವು. ಮೂವರಲ್ಲಿ ಒಬ್ಬ ಮೈಸೂರಿನವನು. ತೀನ್ ಮೂರ್ತಿ ಎಂದೇ ಹೆಸರಾದ ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ದಳದ ಸ್ಮಾರಕವಿದೆ. ಅದರ ಮುಂದೆ ದಿನವೂ ಹಾದುಹೋಗುವ ವಾಹನ ಸವಾರರಲ್ಲಿ ಎಷ್ಟು ಮಂದಿ ಅದನ್ನು ಗಮನಿಸುತ್ತಾರೋ ಹೇಳುವಂತಿಲ್ಲ.

ರಣದಿಂದ ಕಣಕ್ಕೆ

ಮಹಾಯುದ್ಧ ಮುಗಿಯುವ ಹೊತ್ತಿಗೆ ಯುದ್ಧದಲ್ಲಿ ಕುದುರೆಯ ಕಾಲ ಮುಗಿಯುತ್ತ ಬಂದಿತ್ತು. ಮೆಷಿನ್‌ಗನ್ನು, ಮೋಟಾರು, ಟ್ಯಾಂಕುಗಳ ಮುಂದೆ ಹೈಫಾದಂಥ ದಾಳಿ ಮತ್ತೆ ಸಾಧ್ಯವಿರಲಿಲ್ಲ. ಇತ್ತ ನಾಲ್ವಡಿಯವರ ರಾಜ್ಯದಲ್ಲಿ ಕುದುರೆಗೆ ಬೇರೆಯದೇ ನೆಲೆಯೊಂದು ಗಟ್ಟಿಯಾಗುತ್ತಿತ್ತು. ಮೈಸೂರಿನ ಕುದುರೆ ಓಟದ ಪರಂಪರೆ ಅವರ ತಂದೆಯ ಕಾಲದ್ದು. ಚಾಮುಂಡಿ ಬೆಟ್ಟದ ತಪ್ಪಲಿನ ಓಟದ ಮೈದಾನ ನೆಲೆಗೊಂಡದ್ದು ಮಗನ ಕಾಲದಲ್ಲಿ. 1920ರ ದಶಕದ ಆರಂಭದ ಹೊತ್ತಿಗೆ ಬೆಂಗಳೂರಿನ ನಡುಮಧ್ಯದಲ್ಲಿ, ಇಂದು ರೇಸ್‌ಕೋರ್ಸ್ ರಸ್ತೆ ಸುತ್ತುವರಿದಿರುವ ಮೈದಾನದಲ್ಲಿ, ಓಟ ಆರಂಭವಾಯಿತು. ಸೇನೆಯ ಕುದುರೆಗೆ ಬೇಕಾದದ್ದು ಸಹನೆ, ದಿನಗಟ್ಟಲೆ ನಡೆಯುವ ಕಸುವು. ಓಟದ ಕುದುರೆಗೆ ಬೇಕಾದದ್ದು ಒಂದೆರಡು ನಿಮಿಷದ ಮಿಂಚು. ಕುಣಿಗಲ್‌ನಂಥ ಕ್ಷೇತ್ರಗಳ ಗುರಿಯೂ ಕಾಲಕ್ರಮದಲ್ಲಿ ಹೀಗೆಯೇ ಬದಲಾಯಿತು.

ಗುರಿ ಬದಲಾದರೂ ನೆಲದ ಪ್ರಶ್ನೆ ಬದಲಾಗಲಿಲ್ಲ. ಹೆಚ್ಚು ಸೂಕ್ಷ್ಮವಾಯಿತು ಅಷ್ಟೇ. ಓಟದ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋ. ನಾಗಾಲೋಟದಲ್ಲಿ ಅದರ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಆ ಓಟದ ಪ್ರತಿ ನೆಗೆತದಲ್ಲಿಯೂ ಮೈಭಾರವೆಲ್ಲ ಒಂದೇ ಮುಂಗಾಲಿನ ಮೇಲೆ ಬೀಳುವ ಕ್ಷಣವೊಂದುಂಟು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಆ ಕಾಲು ಮೈತೂಕದ ಎರಡೂವರೆ ಪಟ್ಟಿನಷ್ಟು, ಅಂದರೆ ಒಂದು ಟನ್ನಿಗೂ ಮೀರಿದ ಹೊರೆಯನ್ನು ಹೊತ್ತು ಬಿಡುತ್ತದೆ. ಮನುಷ್ಯನ ಮಣಿಕಟ್ಟಿಗಿಂತ ಬಹಳವೇನೂ ದಪ್ಪವಿಲ್ಲದ ಮೂಳೆಯ ಮೇಲೆ ಇಷ್ಟು ಭಾರ.

ನೆಲ ಕಲ್ಲಿನಂತಿದ್ದರೆ ಗೊರಸು ಬಡಿದ ಏಟು ನೇರ ಮೂಳೆಗೇರುತ್ತದೆ. ಒಂದು ದಿನದ ಏಟಿಗೆ ಮೂಳೆ ಮುರಿಯುವುದಿಲ್ಲ. ಕಣ್ಣಿಗೆ ಕಾಣದ ಬಿರುಕು ವಾರಗಟ್ಟಲೆ ಬೆಳೆದು ಒಂದು ದಿನ ಓಟದ ನಡುವೆ ಕಾಲು ಕಳಚುತ್ತದೆ. ನೆಲ ತೀರಾ ಮೆತ್ತಗಿದ್ದರೆ ಗೊರಸು ಹೂತು, ಅದನ್ನು ಕಿತ್ತೆತ್ತುವ ಎಳೆತಕ್ಕೆ ಕಾಲಿನ ನರ, ಕಟ್ಟುಗಳು ಹಿಗ್ಗಿ ಹರಿಯುತ್ತವೆ. ಇವೆರಡಕ್ಕಿಂತ ಕೆಟ್ಟದ್ದು ಒಂದು ಕಡೆ ಗಟ್ಟಿ, ಹತ್ತು ಮಾರು ಮುಂದೆ ಮೆತ್ತಗೆ ಇರುವ ನೆಲ. ಇಡೀ ಮೈದಾನ ಗಟ್ಟಿಯಾಗಿದ್ದರೆ ಕುದುರೆ ತನ್ನ ಹೆಜ್ಜೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ, ಮೆತ್ತಗಿದ್ದರೂ ಹೊಂದಿಸಿಕೊಳ್ಳುತ್ತದೆ. ಎರಡು ಹೆಜ್ಜೆಯ ನಡುವೆ ನೆಲವೇ ಬದಲಾದರೆ ಹೊಂದಿಸಿಕೊಳ್ಳಲು ಅದಕ್ಕೆ ಸಮಯವೆಲ್ಲಿದೆ? ಕಿಶೋನ್ ದಡದಲ್ಲಿ ಆದದ್ದೂ ಇದೇ.

ನಾಲ್ವಡಿಯವರ ಕಾಲದಲ್ಲಿ ನೆಲದ ಪರೀಕ್ಷೆಗೆ ಪ್ರಪಂಚದ ಯಾವ ಮೈದಾನದಲ್ಲಿಯೂ ದೊಡ್ಡ ಸಲಕರಣೆಗಳಿರಲಿಲ್ಲ. ಅನುಭವಿಯೊಬ್ಬ ಬೆಳಗ್ಗೆ ಮೈದಾನ ಸುತ್ತಿ, ಊರುಗೋಲನ್ನು ಅಲ್ಲಲ್ಲಿ ಚುಚ್ಚಿ, ಬೂಟಿನ ಹಿಮ್ಮಡಿ ಒತ್ತಿ ನೋಡಿ ಹೇಳಿದ್ದೇ ತೀರ್ಪು. ಈ ಪದ್ಧತಿಯನ್ನು ಹಳೆಯದೆಂದು ನಗುವಂತಿಲ್ಲ. ಗದ್ದೆಯ ಹದ ನೋಡುವ ರೈತ ಹಿಡಿ ಮಣ್ಣು ಅಮುಕಿ ನೋಡುವುದೂ ಇದೇ ಬಗೆಯ ವಿದ್ಯೆ. ತೊಂದರೆಯೆಂದರೆ ಒಬ್ಬನ ಹಿಮ್ಮಡಿ ಇನ್ನೊಬ್ಬನ ಹಿಮ್ಮಡಿಯೊಡನೆ ಒಪ್ಪುವುದಿಲ್ಲ. ಹಿಮ್ಮಡಿ ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವರ್ಷದೊಂದಿಗೆ ಹೋಲಿಸಲೂ ಬರುವುದಿಲ್ಲ.

ಊರುಗೋಲಿನ ಜಾಗಕ್ಕೆ ಮುಂದೆ ಬಂದ ಉಪಕರಣಗಳಲ್ಲಿ ಪೆನಿಟ್ರೋಮೀಟರ್ ಮುಖ್ಯವಾದದ್ದು. ನೆಟ್ಟಗೆ ನಿಲ್ಲಿಸಿದ ಸರಳಿನ ಮೇಲೆ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಸರಳಿನ ತುದಿ ನೆಲದೊಳಗೆ ಎಷ್ಟು ಸೆಂಟಿಮೀಟರ್ ಇಳಿಯಿತೆಂದು ನೋಡುತ್ತಾರೆ. ಮೈದಾನದ ಸುತ್ತ ಹಲವು ಕಡೆ ಹೀಗೆ ಅಳೆದು ಸರಾಸರಿ ತೆಗೆಯುತ್ತಾರೆ. ಅಂಕಿ ದೊಡ್ಡದಾದಷ್ಟು ನೆಲ ಮೆತ್ತಗೆ. ಭಾರತದ ಓಟದ ಕ್ಲಬ್ಬುಗಳು ಪಂದ್ಯದ ದಿನ ಪ್ರಕಟಿಸುವುದು ಈ ಅಂಕಿಯನ್ನೇ. ಬಾಜಿ ಕಟ್ಟುವವರು ಅದನ್ನು ತಮ್ಮ ಕುದುರೆ ಗೆದ್ದೀತೇ ಎಂದು ತಿಳಿಯಲು ಓದುತ್ತಾರೆ. ಕುದುರೆಯ ದೃಷ್ಟಿಯಿಂದ ಅದರ ಅರ್ಥ ಬೇರೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬೇಡನ್ ಕ್ಲೆಗ್ ರೂಪಿಸಿದ ಸುತ್ತಿಗೆ ಮಾದರಿಯ ಉಪಕರಣ, ಬೀಳುವ ತೂಕಕ್ಕೆ ನೆಲ ಎಷ್ಟು ಬಿರುಸಾಗಿ ಮರುಹೊಡೆತ ಕೊಡುತ್ತದೆ ಎಂಬುದನ್ನು ಅಳೆಯುತ್ತದೆ. ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಗೋಯಿಂಗ್ ಸ್ಟಿಕ್ ಎಂಬ ಕೋಲು ಚುಚ್ಚಲು ಬೇಕಾದ ಬಲದ ಜೊತೆಗೆ ಬಾಗಿಸಿದಾಗ ಮಣ್ಣು ತೋರುವ ಬಿಗಿಯನ್ನೂ ದಾಖಲಿಸುತ್ತದೆ. ಒಂದರ್ಥದಲ್ಲಿ ಹಳೆಯ ಊರುಗೋಲಿಗೇ ಅಂಕಿ ಬರೆಯಲು ಕಲಿಸಿದಂತೆ. ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓಡುವ ಕುದುರೆಯ ಮುಂಗಾಲಿನಂತೆಯೇ ಓರೆಯಾಗಿ ನೆಲಕ್ಕೆ ಬಡಿದು ಜಾರುವ ಯಂತ್ರವನ್ನು ಕಟ್ಟಿದರು.

ಯಂತ್ರ ಅಳೆಯಬಲ್ಲದು, ನೆಲವನ್ನು ಕಾಪಾಡಲಾರದು. ಆ ಕೆಲಸ ಮಾಲಿಗಳದು. ಓಟ ಮುಗಿದೊಡನೆ ಗೊರಸು ಕಿತ್ತ ಗುಂಡಿಗಳಿಗೆ ಮಣ್ಣು ಮರಳಿನ ಮಿಶ್ರಣ ತುಂಬಬೇಕು. ಬಿಗಿದ ಮಣ್ಣಿಗೆ ತೂತು ಹೊಡೆದು ಗಾಳಿಯಾಡಿಸಬೇಕು. ಬೇಸಿಗೆಯಲ್ಲಿ ಇಡೀ ಸುತ್ತಿಗೆ ಒಂದೇ ಸಮನಾಗಿ ನೀರುಣಿಸಬೇಕು, ಮಳೆಗಾಲದಲ್ಲಿ ನೀರು ಎಲ್ಲಿಯೂ ನಿಲ್ಲದಂತೆ ಬಸಿಗಾಲುವೆ ತೆರವಾಗಿರಬೇಕು. ಒಳಬದಿಯ ಬೇಲಿಯನ್ನು ಆಗಾಗ ಹೊರಕ್ಕೆ ಸರಿಸಿ ತುಳಿತಕ್ಕೆ ಸಿಕ್ಕ ಹುಲ್ಲಿಗೆ ಬಿಡುವು ಕೊಡಬೇಕು. ಬೆಂಗಳೂರಿನ ಬೇಸಿಗೆ ಋತುವಿನ ಓಟಗಳು ಮೇ ತಿಂಗಳಲ್ಲಿ ಆರಂಭವಾಗಿ ಮುಂಗಾರಿನೊಳಗೆ ಕಾಲಿಡುತ್ತವೆ, ಮೈಸೂರಿನ ಮುಖ್ಯ ಓಟಗಳು ದಸರಾ ಸುತ್ತಮುತ್ತಲಿನ ಮಳೆಯಲ್ಲಿ ಬರುತ್ತವೆ. ಎರಡೂ ಕಡೆ ಒಂದೇ ರಾತ್ರಿಯ ಮಳೆ ವಾರದ ದುಡಿಮೆಯನ್ನು ನುಂಗಿಹಾಕಬಲ್ಲದು. ಗೆದ್ದ ಕುದುರೆಯ ಮಾಲೀಕರ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗುಂಡಿ ಮುಚ್ಚಿದವರ ಚಿತ್ರ ಬಂದದ್ದಿಲ್ಲ.

ಲಕ್ಷ್ಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಾಂಟಾ ಅನಿಟಾ ಮೈದಾನವನ್ನು ನೋಡಬಹುದು. 2018ರ ಡಿಸೆಂಬರಿನಿಂದ 2019ರ ಜೂನ್‌ವರೆಗಿನ ಒಂದೇ ಋತುವಿನಲ್ಲಿ ಅಲ್ಲಿ 30 ಕುದುರೆಗಳು ಸತ್ತವು. ಆ ಚಳಿಗಾಲದ ಅಸಾಧಾರಣ ಮಳೆಯೂ ನೆಲದ ಸ್ಥಿತಿಯೂ ಚರ್ಚೆಯ ಕೇಂದ್ರವಾದವು. 2020ರಲ್ಲಿ ಅಮೆರಿಕ ಕುದುರೆ ಓಟದ ಸುರಕ್ಷತೆಗೆಂದೇ ಕಾನೂನು ಮಾಡಿತು, ಮೈದಾನದ ಪರೀಕ್ಷೆ 2022ರಿಂದ ಅದರ ಭಾಗವಾಯಿತು. ಉತ್ತರ ಅಮೆರಿಕದ ದಾಖಲೆಗಳ ಪ್ರಕಾರ 2009ರಲ್ಲಿ ಕುದುರೆಗಳು ಓಟಕ್ಕಿಳಿದ ಪ್ರತಿ ಸಾವಿರ ಸಲಕ್ಕೆ 2.00ರಷ್ಟಿದ್ದ ಸಾವು 2022ರ ಹೊತ್ತಿಗೆ 1.25ಕ್ಕೆ ಇಳಿದಿತ್ತು. ಇಳಿಕೆಗೆ ನೆಲವೊಂದೇ ಕಾರಣವಲ್ಲ, ಪಶುವೈದ್ಯರ ತಪಾಸಣೆ, ಔಷಧಿಯ ನಿಯಂತ್ರಣಗಳೂ ಇವೆ. ಆದರೂ ಲೆಕ್ಕವಿಡಲು ತೊಡಗಿದ ಮೇಲೆಯೇ ಇಳಿಕೆ ಕಂಡದ್ದು ಎಂಬುದನ್ನು ಮರೆಯುವಂತಿಲ್ಲ.

ಮೆರವಣಿಗೆಯ ಬೀದಿ, ನಾಟಕದ ಹಲಗೆ

ನಾಲ್ವಡಿಯವರ ಕಾಲದಲ್ಲಿ ಜನಸಾಮಾನ್ಯರು ಕುದುರೆಯನ್ನು ಹೆಚ್ಚಾಗಿ ಕಂಡದ್ದು ಓಟದಲ್ಲಲ್ಲ, ದಸರೆಯಲ್ಲಿ. ವಿಜಯದಶಮಿಯಂದು ಅಂಬಾರಿಯಲ್ಲಿ ಬನ್ನಿಮಂಟಪಕ್ಕೆ ತೆರಳುತ್ತಿದ್ದ ಮಹಾರಾಜರು ಅಲ್ಲಿ ಆನೆಯಿಂದಿಳಿದು ಕುದುರೆಯೇರಿ ಸೈನ್ಯದ ಗೌರವ ಸ್ವೀಕರಿಸುತ್ತಿದ್ದರು. ಸಾವಿರಾರು ಪಂಜುಗಳ ಬೆಳಕು, ವಾದ್ಯಗಳ ಸದ್ದು, ಗಿಜಿಗುಡುವ ಜನ. ಅಂಥ ಗದ್ದಲದಲ್ಲಿ ಕುದುರೆ ಅಲುಗದೆ ನಿಲ್ಲಬೇಕಾದರೆ ಸವಾರನ ಮೇಲೆ ಎಷ್ಟು ನಂಬಿಕೆ ಬೇಕೋ ಕಾಲಡಿಯ ನೆಲದ ಮೇಲೂ ಅಷ್ಟೇ ನಂಬಿಕೆ ಬೇಕು.

ಅವರು ಆಶ್ರಯ ನೀಡಿದ ಕಲೆಗಳಲ್ಲಿ ಸಂಗೀತದಷ್ಟೇ ನಾಟಕಕ್ಕೂ ಸ್ಥಾನವಿತ್ತು. ಅವರ ಆಳ್ವಿಕೆಯ ಕಾಲದಲ್ಲಿಯೇ, 1934ರಲ್ಲಿ, ನಮ್ಮ ಗುಬ್ಬಿಯ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕಾಗಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ನಾಡನ್ನು ಬೆರಗುಗೊಳಿಸಿದರು. ಲಾಳ ಕಟ್ಟಿದ ಗೊರಸಿಗೆ ಮರದ ಹಲಗೆಯಷ್ಟು ಜಾರುವ ನೆಲ ಬೇರೊಂದಿಲ್ಲ. ಟೊಳ್ಳು ನೆಲದ ಸದ್ದಿಗೇ ಕುದುರೆ ಬೆದರುವುದುಂಟು. ಪ್ರೇಕ್ಷಕರು ಅರ್ಜುನನ ರಥವನ್ನು ನೋಡುತ್ತಿದ್ದಾಗ ಪರದೆಯ ಹಿಂದೆ ಲಗಾಮು ಹಿಡಿದು ನಿಂತಿದ್ದವರ ಎದೆ ಹೇಗೆ ಬಡಿದುಕೊಳ್ಳುತ್ತಿತ್ತೋ ಊಹಿಸಿಕೊಳ್ಳಬೇಕು.

1931ರಲ್ಲಿ ನಾಲ್ವಡಿಯವರು ಕೈಲಾಸ, ಮಾನಸ ಸರೋವರದ ಯಾತ್ರೆ ಮಾಡಿದರು. ಆ ಕಾಲದಲ್ಲಿ ಅರಸರು ಕೈಗೊಳ್ಳುವ ಪ್ರಯಾಣವಲ್ಲ ಅದು. ಹಿಮಾಲಯದ ಆ ಕಣಿವೆದಾರಿಗಳಲ್ಲಿ ಪ್ರಾಣಿಯಾಗಲಿ ಮನುಷ್ಯನಾಗಲಿ ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡಬೇಕು.

1940ರ ಮಾರ್ಚಿನಲ್ಲಿ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬೊಂಬಾಯಿಯಲ್ಲಿ ತೀರಿಕೊಂಡರು. ಆ ದುಃಖ ಆರುವ ಮುನ್ನವೇ, ಆಗಸ್ಟ್ 3ರಂದು, ಬೆಂಗಳೂರಿನ ಅರಮನೆಯಲ್ಲಿ ನಾಲ್ವಡಿಯವರೂ ಕೊನೆಯುಸಿರೆಳೆದರು. ವಯಸ್ಸು 56. ಯುವರಾಜರ ಮಗ ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳು ಭಾರತ ಸೇನೆಯಲ್ಲಿ ಲೀನವಾದವು. ಮೈಸೂರು ಲ್ಯಾನ್ಸರ್ಸ್‌ನ ಪರಂಪರೆ 1953ರಲ್ಲಿ ರೂಪುಗೊಂಡ 61ನೆಯ ಅಶ್ವದಳದಲ್ಲಿ ಸೇರಿಹೋಯಿತು.

ಕುಣಿಗಲ್ ನೆಲದ ಮುಂದಿನ ಕಥೆ

ಸಂಸ್ಥಾನ ಹೋದ ಮೇಲೆ ಕುಣಿಗಲ್ ಫಾರಂ ಸರ್ಕಾರದ ಆಸ್ತಿಯಾಗಿ ಮುಂದುವರಿಯಿತು. 1992ರಲ್ಲಿ ಅದನ್ನು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ದೇಶದ ಓಟದ ಮೈದಾನಗಳಲ್ಲಿ ಹೆಸರು ಮಾಡಿದ ಅನೇಕ ಕುದುರೆಗಳು ಇಲ್ಲಿ ಹುಟ್ಟಿ ಬೆಳೆದವು. ಗುತ್ತಿಗೆಯ ಅವಧಿ ಮುಗಿದ ನಂತರದ ವರ್ಷಗಳಲ್ಲಿ ಈ ಜಮೀನಿನಲ್ಲಿ ಉಪನಗರ ನಿರ್ಮಿಸುವ ಪ್ರಸ್ತಾವ ಬಂತು. ಕುದುರೆ ಸಾಕುವವರಿಂದಲೂ ಊರಿನ ಹಲವರಿಂದಲೂ ಅದಕ್ಕೆ ವಿರೋಧ ವ್ಯಕ್ತವಾಯಿತು. ಬೆಂಗಳೂರಿನ ಓಟದ ಮೈದಾನವನ್ನೇ ಕುಣಿಗಲ್ ಕಡೆಗೆ ತರುವ ಮಾತೂ ಕೇಳಿಬಂದಿದೆ.

ಈ ಚರ್ಚೆಯಲ್ಲಿ ಎಕರೆಯ ಲೆಕ್ಕ ಬರುತ್ತದೆ, ಬೆಲೆಯ ಲೆಕ್ಕ ಬರುತ್ತದೆ. ಮಣ್ಣಿನ ಲೆಕ್ಕ ಬರುವುದು ಅಪರೂಪ. ಕುದುರೆಮರಿಯ ಮೂಳೆ, ಕೀಲುಗಳು ಗಟ್ಟಿಯಾಗುವುದು ಹುಟ್ಟಿದ ಮೊದಲ ತಿಂಗಳುಗಳಲ್ಲಿ, ತಾಯಿಯ ಹಿಂದೆ ಬಯಲಿನಲ್ಲಿ ಓಡಾಡುವಾಗ. ಲಾಯದಲ್ಲಿ ಕಟ್ಟಿಹಾಕಿ ಬೆಳೆಸಿದ ಮರಿಗೆ ಆ ಬಲ ನಂತರ ಬರುವುದು ಕಷ್ಟವೆಂದು ಪಶುವೈದ್ಯ ವಿಜ್ಞಾನ ಹೇಳುತ್ತದೆ. ತಲೆಮಾರುಗಳ ಕಾಲ ಉಳುಮೆ ಕಾಣದೆ, ಹುಲ್ಲು ಹೊತ್ತು, ಗೊಬ್ಬರ ಉಂಡು ಹದಗೊಂಡ ಬಯಲನ್ನು ಹೊಸದಾಗಿ ಹಾಸಲು ಬರುವುದಿಲ್ಲ. ಇನ್ನು ಓಟದ ಮೈದಾನವೇ ಬರುವುದಾದರೂ ಕೆಲಸ ಸುಲಭವಲ್ಲ. ಕೆಳಗೆ ನೀರು ಬಸಿಯುವ ಜಲ್ಲಿಯ ಪದರ, ಮೇಲೆ ಹದವಾಗಿ ಬೆರೆಸಿದ ಮಣ್ಣು ಮರಳು, ಅದರ ಮೇಲೆ ಬೇರೂರಿದ ಹುಲ್ಲು, ಇವು ಒಂದಕ್ಕೊಂದು ಹೊಂದಿಕೊಂಡು ಓಟ ತಾಳುವಂತಾಗಲು ಮಳೆಗಾಲಗಳು ಕಳೆಯಬೇಕು. ಬೇಲಿಯಾಚೆ ನಿಂತು ನೋಡುವವರಿಗೆ ಕುಣಿಗಲ್ಲಿನ ಆ ಬಯಲಿನಲ್ಲಿ ಕಾಣುವುದು ಬರಿಯ ಹುಲ್ಲು. ಅದರಡಿಯ ಮಣ್ಣಿನ ಗತಿಯೇನು ಎಂಬುದನ್ನು ತೀರ್ಮಾನಿಸುವ ಕಡತದಲ್ಲಿ ಮಣ್ಣಿನ ಪರೀಕ್ಷೆಯ ಒಂದು ಹಾಳೆಯಾದರೂ ಇರಬೇಕೆಂದು ಕುದುರೆ ಬಲ್ಲವರು ಬಯಸಿದರೆ ಅದು ಅತಿಯಾದ ಬೇಡಿಕೆಯೇನಲ್ಲ.